ಒಂದೇ ಹಸ್ತಪ್ರತಿ, ಮೂರು ಪದಸಂಸ್ಕಾರಕಗಳು

ಎರಡು ಪುಟದ ಪತ್ರ ಬರೆಯುವವರಿಗೆ ಎಲ್ಲ ಪದಸಂಸ್ಕಾರಕಗಳೂ (ಕಂಪ್ಯೂಟರ್‌ನಲ್ಲಿ ಬರಹ ಸಿದ್ಧಪಡಿಸುವ ತಂತ್ರಾಂಶಗಳು) ಒಂದೇ. ಆದ್ದರಿಂದ ಅಡಿಟಿಪ್ಪಣಿ, ಕೋಷ್ಟಕ ಮತ್ತು ಪರಿವಿಡಿಗಳಿದ್ದ 180 ಪುಟಗಳ ಹಸ್ತಪ್ರತಿಯೊಂದನ್ನು ಮೈಕ್ರೋಸಾಫ್ಟ್ ವರ್ಡ್, ಲಿಬ್ರೆಆಫೀಸ್ ರೈಟರ್ ಮತ್ತು ಗೂಗಲ್ ಡಾಕ್ಸ್ ಮೂರರಲ್ಲೂ ಬೇರೆಬೇರೆಯಾಗಿ ಸಿದ್ಧಪಡಿಸಿ ನೋಡಿದೆ.

ಹೆಚ್ಚು ಹೊತ್ತು ಹಿಡಿದದ್ದು ಪುಟಸಂಖ್ಯೆಯ ಕೆಲಸ. ಮುನ್ನುಡಿಗೆ ರೋಮನ್ ಅಂಕಿಗಳೂ ಮೊದಲ ಅಧ್ಯಾಯದಿಂದ 1, 2, 3 ಎಂಬ ಎಣಿಕೆಯೂ ಬೇಕಿತ್ತು. ವರ್ಡ್‌ನಲ್ಲಿ ಇದಕ್ಕಾಗಿ ಕಡತವನ್ನು ಭಾಗಗಳಾಗಿ ಒಡೆಯುವ ಸೆಕ್ಷನ್ ಬ್ರೇಕ್ ಹಾಕಿ, ಹೊಸ ಸೆಕ್ಷನ್ನಿನ ಫೂಟರ್‌ನಲ್ಲಿ (ಪುಟದ ಅಡಿಭಾಗದಲ್ಲಿ) ‘ಲಿಂಕ್ ಟು ಪ್ರೀವಿಯಸ್’ ಆಯ್ಕೆಯನ್ನು ತೆಗೆದು, ಆಮೇಲೆ ಎಣಿಕೆಯನ್ನು 1ರಿಂದ ಆರಂಭಿಸಬೇಕು. ಆ ಆಯ್ಕೆಯನ್ನು ತೆಗೆಯಲು ಮರೆತರೆ ಒಂದು ಕಡೆ ಮಾಡಿದ ತಿದ್ದುಪಡಿ ಹಿಂದಿನ ಸೆಕ್ಷನ್ನಿನಲ್ಲೂ ಕಾಣಿಸಿಕೊಳ್ಳುತ್ತದೆ. ರೈಟರ್ ಹಿಡಿದಿರುವ ದಾರಿಯೇ ಬೇರೆ. ಅಲ್ಲಿ ಪ್ಯಾರಾಗಳಿಗೆ ಇರುವಂತೆ ಪುಟಗಳಿಗೂ ಶೈಲಿಗಳಿದ್ದು, ಅಧ್ಯಾಯದ ಮೊದಲ ಪುಟಕ್ಕೊಂದು, ಎಡಪುಟಕ್ಕೊಂದು, ಬಲಪುಟಕ್ಕೊಂದು ಶೈಲಿ ರೂಪಿಸಿ, ಯಾವುದರ ನಂತರ ಯಾವುದು ಬರಬೇಕೆಂದು ಒಮ್ಮೆ ಸೂಚಿಸಿದರೆ, ಬರಹ ಬೆಳೆದಂತೆ ಪುಟಗಳು ತಾವಾಗಿಯೇ ಆ ಕ್ರಮವನ್ನು ಅನುಸರಿಸುತ್ತವೆ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಆದರೆ ಪುಸ್ತಕ ಕಟ್ಟುವವರು ಯೋಚಿಸುವ ಕ್ರಮ ಇದೇ ಎಂದು ನನ್ನ ಅನಿಸಿಕೆ.

ಅಧ್ಯಾಯಗಳನ್ನು ಹಿಂದುಮುಂದು ಮಾಡುವುದರಲ್ಲಿ ಇವೆರಡೂ ಸಮಸಮ. ಶೀರ್ಷಿಕೆಗಳ ಪಟ್ಟಿ ತೋರಿಸುವ ವರ್ಡ್‌ನ ನ್ಯಾವಿಗೇಶನ್ ಪೇನ್‌ನಲ್ಲಾಗಲಿ, ಎಫ್5 ಒತ್ತಿದಾಗ ತೆರೆಯುವ ರೈಟರ್‌ನ ನ್ಯಾವಿಗೇಟರ್‌ನಲ್ಲಾಗಲಿ ಶೀರ್ಷಿಕೆಯನ್ನು ಎಳೆದು ಬೇರೆಡೆ ಬಿಟ್ಟರೆ ಅದರ ಕೆಳಗಿನ ಬರಹವೆಲ್ಲ ಜೊತೆಯಲ್ಲೇ ಸಾಗುತ್ತದೆ.

ಡಾಕ್ಸ್‌ನಲ್ಲಿ ಪುಸ್ತಕದ ಕೊನೆಗೆ ಬೇಕಾದ ಪದಸೂಚಿಯನ್ನು ತಾನಾಗಿ ತಯಾರಿಸುವ ಸೌಲಭ್ಯವಿಲ್ಲ. ಒಂದು ಕಡತಕ್ಕೆ 10.2 ಲಕ್ಷ ಅಕ್ಷರಗಳ ಮಿತಿಯೂ ಇದೆ, ನನ್ನ ಹಸ್ತಪ್ರತಿ ಅದರ ಅರ್ಧವನ್ನೂ ಮುಟ್ಟಲಿಲ್ಲವೆನ್ನಿ. ಆದರೆ ಇಬ್ಬರು ಒಟ್ಟಿಗೆ ಕುಳಿತು ತಿದ್ದುವಾಗ ಅದರ ಸರಾಗತೆ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ: ಇನ್ನೊಬ್ಬರ ಕರ್ಸರ್ ಕಣ್ಣೆದುರೇ ಚಲಿಸುತ್ತದೆ, ಸಲಹೆಗಳು ಬದಿಯಲ್ಲಿ ನಿಲ್ಲುತ್ತವೆ, ಹಳೆಯ ಆವೃತ್ತಿಗೆ ಹೆಸರಿಟ್ಟು ಬೇಕೆಂದಾಗ ಅದಕ್ಕೆ ಮರಳಬಹುದು.

ಕಡತದ ರೂಪವನ್ನೂ ಗಮನಿಸಬೇಕು. ರೈಟರ್ ಬಳಸುವ ಓಡಿಎಫ್ ಎಂಬ ರೂಪ 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್ಒ) ಮಾನಕವಾಯಿತು. ವರ್ಡ್‌ನ ಡಾಕ್ಸ್ಎಕ್ಸ್ ರೂಪಕ್ಕೆ ಆಧಾರವಾದ ಓಓಎಕ್ಸ್ಎಂಎಲ್ 2008ರಲ್ಲಿ. ರೈಟರ್ ಎರಡನ್ನೂ ತೆರೆಯುತ್ತದೆ. ಕ್ಯಾಲಿಬ್ರಿ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಅಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೋ ಫಾಂಟನ್ನು ಬಳಸುವುದರಿಂದ, ನನ್ನ ಇಂಗ್ಲಿಷ್ ಉಲ್ಲೇಖಗಳ ಸಾಲುಗಳು ಮೊದಲು ಮುಗಿಯುತ್ತಿದ್ದ ಪದಗಳಲ್ಲೇ ಮುಗಿದವು.