ಸಮಯವೂ ಇಳಿಯಬೇಕು, ಉತ್ತರವೂ ಕೆಡಬಾರದು: ಪೈಥಾನ್‌ನ ಪ್ರಾಂಪ್ಟ್ ಟೂಲ್‌ಕಿಟ್

ಬಸವನಗುಡಿಯ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ನೆರೆಹೊರೆಯ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ರಾಜ್ಯೋತ್ಸವಕ್ಕೆಂದು ಅವರು ರಸಪ್ರಶ್ನೆಯ ಪ್ರೋಗ್ರಾಂ ಒಂದನ್ನು ಬರೆಯತೊಡಗಿದಾಗ, ಪ್ರತಿ ಪ್ರಶ್ನೆಗೆ 15 ಸೆಕೆಂಡು ಇರಬೇಕು, ಉಳಿದ ಸಮಯ ಪರದೆಯ ಮೇಲೆ ಇಳಿಯುತ್ತಾ ಕಾಣಬೇಕು ಎಂದು ಪಟ್ಟುಹಿಡಿದರು. ಪೈಥಾನ್‌ನ ಇನ್‌ಪುಟ್ ಫಂಕ್ಷನ್ ಎಂಟರ್ ಒತ್ತುವವರೆಗೂ ಪ್ರೋಗ್ರಾಂ ಅನ್ನು ಅಲ್ಲಿಯೇ ತಡೆದು ನಿಲ್ಲಿಸುವುದರಿಂದ ಇದು ತೊಡಕಿನ ಕೆಲಸ.

ಮೊದಲು ಇನ್ನೊಂದು ಥ್ರೆಡ್‌ನಲ್ಲಿ, ಅಂದರೆ ಪ್ರೋಗ್ರಾಂನೊಳಗೇ ಜೊತೆಜೊತೆಗೆ ಓಡುವ ಇನ್ನೊಂದು ಎಳೆಯಲ್ಲಿ, ಎಣಿಕೆ ನಡೆಸಿದೆವು. ಅಂಕಿಯೇನೋ ಇಳಿಯಿತು, ಆದರೆ ಮಗು ಟೈಪ್ ಮಾಡುತ್ತಿದ್ದ ಉತ್ತರದ ಮೇಲೆಯೇ ಬಂದು ಕೂರುತ್ತಿತ್ತು. ಸಮಯ ಮುಗಿದ ಮೇಲೂ ಇನ್‌ಪುಟ್ ಎಂಟರ್‌ಗಾಗಿ ಕಾಯುತ್ತಲೇ ಇತ್ತು. ಪೈಥಾನ್‌ನ ಜೊತೆಗೇ ಬರುವ ಸೆಲೆಕ್ಟ್ ಮಾಡ್ಯೂಲ್ ಲಿನಕ್ಸ್‌ನಲ್ಲಿ ಕೀಬೋರ್ಡ್‌ಗೆ ಕಾಲಮಿತಿ ಹಾಕಬಲ್ಲದಾದರೂ ವಿಂಡೋಸ್‌ನಲ್ಲಿ ಅದು ಸಾಕೆಟ್‌ಗಳಿಗಷ್ಟೇ (ನೆಟ್‌ವರ್ಕ್ ಸಂಪರ್ಕಗಳಿಗಷ್ಟೇ) ಸೀಮಿತ. ಮಕ್ಕಳ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಇದ್ದವು.

ಆಗ ಕೈಹಿಡಿದದ್ದು ಪ್ರಾಂಪ್ಟ್ ಟೂಲ್‌ಕಿಟ್. ಜೊನಾಥನ್ ಸ್ಲೆಂಡರ್ಸ್ ರೂಪಿಸಿದ ಈ ಉಚಿತ ಲೈಬ್ರರಿಯನ್ನು, ಪೈಥಾನ್ ಸಾಲುಗಳನ್ನು ಬರೆದ ಹಾಗೇ ನಡೆಸಿ ನೋಡುವ ಸಾಧನವಾದ ಐಪೈಥಾನ್ ತನ್ನ 5ನೇ ಆವೃತ್ತಿಯಿಂದಲೂ ಬಳಸುತ್ತಿದೆ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನ ತಳದಲ್ಲಿ 'ಬಾಟಮ್ ಟೂಲ್‌ಬಾರ್' ಎಂಬ ಪಟ್ಟಿಯನ್ನು ಇದು ಒದಗಿಸುತ್ತದೆ. ಅದಕ್ಕೆ ಉಳಿದ ಸಮಯವನ್ನು ಹೇಳುವ ಫಂಕ್ಷನ್ ಒಂದನ್ನು ಕೊಟ್ಟು, ಎಷ್ಟು ಸೆಕೆಂಡಿಗೊಮ್ಮೆ ಪಟ್ಟಿ ಹೊಸದಾಗಬೇಕು ಎಂದು ಹೇಳುವ 'ರಿಫ್ರೆಶ್ ಇಂಟರ್ವಲ್' ಅನ್ನು 0.5 ಎಂದು ಇಟ್ಟರೆ, ಎಣಿಕೆ ಕೆಳಗೆ ತನ್ನಷ್ಟಕ್ಕೆ ಸಾಗುತ್ತದೆ, ಮೇಲಿನ ಉತ್ತರದ ಒಂದಕ್ಷರವೂ ಕದಲುವುದಿಲ್ಲ. ನಾನು ಇದನ್ನು ಮೆಚ್ಚಿದ್ದು ಮುಖ್ಯವಾಗಿ ಈ ಗುಣಕ್ಕಾಗಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಫಂಕ್ಷನ್ ಪ್ರತಿ ಬಾರಿ ಕರೆಯಾದಾಗಲೂ ಒಂದನ್ನು ಕಳೆಯುವಂತೆ ನಾವು ಬರೆದಿದ್ದೆವು. ಆದರೆ ಪಟ್ಟಿಯು ಅರ್ಧ ಸೆಕೆಂಡಿಗೊಮ್ಮೆ ಮಾತ್ರವಲ್ಲ, ಪ್ರತಿ ಕೀಲಿ ಒತ್ತಿದಾಗಲೂ ಹೊಸದಾಗಿ ಮೂಡುತ್ತದೆ. ಹೀಗಾಗಿ ವೇಗವಾಗಿ ಟೈಪ್ ಮಾಡುವ ಹುಡುಗಿಗೇ ಸಮಯ ಬೇಗ ಕರಗಿ ಅನ್ಯಾಯವಾಯಿತು. ಟೈಮ್ ಮಾಡ್ಯೂಲಿನ, ಎಂದೂ ಹಿಂದಕ್ಕೆ ಸರಿಯದ ಮೊನೊಟೊನಿಕ್ ಗಡಿಯಾರದಿಂದ ಗಡುವನ್ನು ಮೊದಲೇ ಗುರುತಿಸಿಕೊಂಡು, ಈಗಿನ ಕ್ಷಣವನ್ನು ಅದರಿಂದ ಕಳೆಯುವುದೇ ಸರಿಯಾದ ದಾರಿ.

ಪಟ್ಟಿಯಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಉತ್ತರಕ್ಕಾಗಿ ಕಾಯುವ ಪ್ರಾಂಪ್ಟ್ ಮುಗಿಯುವುದಿಲ್ಲ. ಪ್ರಾಂಪ್ಟ್ ಟೂಲ್‌ಕಿಟ್‌ನ 3ನೇ ಆವೃತ್ತಿಯು, ಹಲವು ಕೆಲಸಗಳನ್ನು ಸರದಿಯಂತೆ ಒಟ್ಟಿಗೆ ಸಾಗಿಸುವ ಪೈಥಾನ್‌ನ ಅಸಿಂಕ್‌ಐಒ ಮೇಲೆಯೇ ನಿಂತಿರುವುದರಿಂದ, 15 ಸೆಕೆಂಡು ಕಾದು ಪ್ರಾಂಪ್ಟ್ ಮುಗಿಸುವ 'ಎಕ್ಸಿಟ್' ಕರೆಯುವ ಟಾಸ್ಕ್ ಒಂದನ್ನು ಜೊತೆಗೆ ಓಡಿಸಬಹುದು. ಅದರ ಮೂಲಕ ಅರ್ಧ ಬರೆದ ಉತ್ತರವನ್ನೂ ಪಡೆಯಬಹುದು. ಉತ್ತರ ಮೊದಲೇ ಬಂದರೆ ಆ ಟಾಸ್ಕನ್ನು ರದ್ದುಗೊಳಿಸಬೇಕು. ಹೊಸಬರಿಗೆ ಈ ಭಾಗ ಕಠಿಣವೆನಿಸುತ್ತದೆ. ನಮ್ಮ ಮಕ್ಕಳಿಗೆ ಎರಡು ಶನಿವಾರ ಹಿಡಿಯಿತು.

ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್ ಮೂಲಕ ಅನುಸ್ಥಾಪನೆ ಸರಳ. ಪೈಥಾನ್‌ನ ಜೊತೆಗೆ ಬರುವ ಎಡಿಟರ್ ಆದ ಐಡಲ್‌ನ ಕಿಟಕಿಯಲ್ಲಿ ಮಾತ್ರ ನಡೆಸಬೇಡಿ. ನಿಜವಾದ ಟರ್ಮಿನಲ್ ತೆರೆದುಕೊಳ್ಳಿ.