ಚಿರತೆ ಓಡಾಡುವ ಊರಿನ ನಾಯಿಗೆ ಮುಳ್ಳುಪಟ್ಟಿ

ತುಮಕೂರಿನ ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಹಗ್ಗ, ಮೂಗುದಾರ, ಗೆಜ್ಜೆಗಳ ಜೊತೆ ಮಾರಾಟಕ್ಕಿಟ್ಟಿದ್ದ ಮುಳ್ಳುಪಟ್ಟಿಯೊಂದನ್ನು ನಮ್ಮ ಕುರಿರೊಪ್ಪದ ನಾಯಿಗೆಂದು 450 ರೂಪಾಯಿ ಕೊಟ್ಟು ತಂದೆವು. ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಹೊಸ ಸಂಗತಿಯಲ್ಲ, ಮತ್ತು ಅದು ಬಾಯಿ ಹಾಕುವುದು ಕುತ್ತಿಗೆಗೇ. ಪಟ್ಟಿಯ ಕೆಲಸ ಅಚ್ಚುಕಟ್ಟಾಗಿದೆ. ಎರಡು ಪದರ ದಪ್ಪ ಚರ್ಮದ ನಡುವೆ ಮೊಳೆಗಳ ತಲೆಯನ್ನು ಅಡಗಿಸಿ ಹೊಲಿದಿರುವುದರಿಂದ ಚೂಪು ಮಾತ್ರ ಹೊರಗೆ ನಿಲ್ಲುತ್ತದೆ, ಒಳಮೈ ನಾಯಿಯ ಚರ್ಮವನ್ನು ಉಜ್ಜುವುದಿಲ್ಲ. ಆದರೆ ಮಳೆಗಾಲದಲ್ಲಿ ಬಕಲ್ ತುಕ್ಕು ಹಿಡಿಯಿತು, ನೆನೆದ ಚರ್ಮ ಬಿಗಿದು ಕಿವಿಯ ಹಿಂದೆ ಕೂದಲು ಉದುರಿತು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟು, ನೆನೆದಾಗ ಬಿಚ್ಚಿ ಒಣಗಿಸಬೇಕು.

ನನ್ನ ಆಕ್ಷೇಪವಿರುವುದು ಮಾರುವವರ ಮಾತಿನ ಬಗ್ಗೆ. "ಇದನ್ನು ಕಟ್ಟಿ ನಾಲ್ಕು ನಾಯಿ ಬಿಡಿ ಸ್ವಾಮಿ, ಚಿರತೆಯನ್ನು ಬೆಟ್ಟಕ್ಕೇ ಅಟ್ಟುತ್ತವೆ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು, ಬಲೆಗೆ ಕೆಡವುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ. ಚಿರತೆ ಕಾಯ್ದೆಯ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿಯಾದ್ದರಿಂದ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ತನ್ನ ಅಥವಾ ಇನ್ನೊಬ್ಬ ಮನುಷ್ಯನ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಗಾಯಗೊಳಿಸಿದರೆ ಅಥವಾ ಕೊಂದರೆ 11ನೇ ಕಲಮಿನಲ್ಲಿ ವಿನಾಯಿತಿಯುಂಟು. ಆ ಮಾತಿನೊಳಗೆ ಕುರಿಯಾಗಲಿ ನಾಯಿಯಾಗಲಿ ಬರುವುದಿಲ್ಲ. ರೊಪ್ಪದ ಬಳಿ ಬೊಗಳಿ ಎಚ್ಚರಿಸುವ ನಾಯಿಯೇ ಬೇರೆ, ಮಾಲೀಕ ಛೂ ಬಿಟ್ಟ ನಾಯಿಯೇ ಬೇರೆ.

ಅಮೆರಿಕದಲ್ಲಿ ನಾಯಿ ಬಿಟ್ಟು ಬೇಟೆಯಾಡುತ್ತಾರಲ್ಲ ಎಂದೂ ಅವರು ವಾದಿಸಿದರು. ಅಲ್ಲಿನ ಕೆಲವು ರಾಜ್ಯಗಳಲ್ಲಿ ಅದಕ್ಕೆ ಅನುಮತಿಯಿರುವುದು ನಿಜ. ಆದರೆ ಒರೆಗಾನ್‌ನಲ್ಲಿ 1994ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 1996ರಲ್ಲಿ ಮತದಾರರೇ ನಾಯಿಗಳನ್ನು ಬಿಟ್ಟು ಕೂಗರ್ (ಬೆಕ್ಕಿನ ಜಾತಿಯ ಅಲ್ಲಿನ ದೊಡ್ಡ ಕಾಡುಪ್ರಾಣಿ) ಬೇಟೆಯಾಡುವುದಕ್ಕೆ ನಿಷೇಧ ತಂದರು. ಅಲ್ಲಿ ಏನೇ ಇರಲಿ, ತುಮಕೂರಿನ ರೈತನಿಗೆ ಅನ್ವಯವಾಗುವುದು ನಮ್ಮ ಕಾಯ್ದೆ. ಪಾಪ, ಮಾರುವವರ ಮಾತು ನಂಬಿದವನ ನಾಯಿಯೂ ಉಳಿಯಲಿಕ್ಕಿಲ್ಲ.

ಪಟ್ಟಿಯನ್ನು ಕೊಳ್ಳಬಹುದು, ಕಾವಲಿಗೆ ಮಾತ್ರ. ರಾತ್ರಿ ಬಯಲಲ್ಲಿ ಸರಪಳಿಗೆ ಕಟ್ಟಿದ ನಾಯಿಯನ್ನು ಯಾವ ಪಟ್ಟಿಯೂ ಕಾಯುವುದಿಲ್ಲವಾದ್ದರಿಂದ ಅದನ್ನು ಬಾಗಿಲಿರುವ ಕೊಟ್ಟಿಗೆಯೊಳಗೆ ಮಲಗಿಸಿ. ಚಿರತೆ ಕುರಿಯನ್ನು ಕೊಂದಿದ್ದರೆ ಸತ್ತ ಕುರಿಯನ್ನು ಇದ್ದ ಜಾಗದಿಂದ ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಮಹಜರು ಆದ ಮೇಲೆ ಪರಿಹಾರಕ್ಕೆ ಅರ್ಜಿ ಕೊಡಿ.