ಕರು ಹೊತ್ತವನ ಹೆಸರಿನ ಜಿಮ್

ಜಿಮ್‌ಗೆ ಹೆಸರಿಡುವವರು ಉಕ್ಕು, ಸಿಂಹ, ಸಿಡಿಲು ಎಂಬಂಥ ಪದಗಳನ್ನೇ ಹುಡುಕುವುದು ವಾಡಿಕೆ. ನಾನು ಹನ್ನೊಂದು ತಿಂಗಳಿಂದ ಬಾರ್ಬೆಲ್ (ಎರಡೂ ತುದಿಗೆ ತೂಕ ಹಾಕಿ ಎತ್ತುವ ಉದ್ದನೆಯ ಸರಳು) ತರಬೇತಿ ಪಡೆಯುತ್ತಿರುವ ಜಿಮ್ ಮಾತ್ರ ಎರಡೂವರೆ ಸಾವಿರ ವರ್ಷಗಳ ಹಿಂದಿನ ಕುಸ್ತಿಪಟು ಮಿಲೋನ ಹೆಸರನ್ನು ಇಟ್ಟುಕೊಂಡಿದೆ. ಸೇರಿದ ದಿನ ಆ ಹೆಸರಿಗೆ ನಾನು ಗಮನವನ್ನೇ ಕೊಟ್ಟಿರಲಿಲ್ಲ. ಈಗ ಅಲ್ಲಿನ ತರಬೇತಿಯ ಬಗ್ಗೆ ಏನು ಹೇಳಹೊರಟರೂ ಮಾತು ಆ ಹೆಸರಿಗೇ ಬಂದು ನಿಲ್ಲುತ್ತದೆ.

ಕ್ರಿ.ಪೂ. 6ನೇ ಶತಮಾನದಲ್ಲಿ, ಇಟಲಿಯ ದಕ್ಷಿಣ ಭಾಗದಲ್ಲಿದ್ದ ಗ್ರೀಕರ ನಗರ ಕ್ರೋಟನ್‌ನಲ್ಲಿ ಬಾಳಿದ ಮಿಲೋ, ಒಲಿಂಪಿಕ್ ಕುಸ್ತಿಯಲ್ಲಿ 6 ಬಾರಿ ಗೆದ್ದವನು. ಅದರಲ್ಲಿ ಮೊದಲ ಗೆಲುವು ಬಾಲಕರ ವಿಭಾಗದ್ದು. ಆತ ಎಳೆಗರುವೊಂದನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನೆಂದೂ, ಕರು ಬೆಳೆದಂತೆಲ್ಲ ಅವನ ಬಲವೂ ಬೆಳೆದು ಕೊನೆಗೆ ಹೋರಿಯನ್ನೇ ಹೊರುವಂತಾದನೆಂದೂ ಐತಿಹ್ಯವಿದೆ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವ ಇದೇ ವಿಚಾರಕ್ಕೆ ವೈದ್ಯಕೀಯ ಕ್ರಮವೊಂದನ್ನು ರೂಪಿಸಿದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸ್ನಾಯುಗಳಿಗೆ ಅವರು ಹಗುರವಾದ ಕಸರತ್ತಿನ ಬದಲು ಭಾರವಾದ ತೂಕಗಳನ್ನೇ ಕೊಟ್ಟು, ಶಕ್ತಿ ಹೆಚ್ಚಿದಂತೆ ತೂಕವನ್ನೂ ಹೆಚ್ಚಿಸಿದರು. 1945ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ನಮ್ಮ ಕೋಚ್ ಹೊಸಬರಿಗೆ ಕರುವಿನ ಕಥೆಯ ಜೊತೆಗೇ ಡಿಲೋರ್ಮ್ ಅವರ ವಿಷಯವನ್ನೂ ಹೇಳುತ್ತಾರೆ. ಕಥೆಯನ್ನು ಬರೀ ಕಥೆಯಾಗಿ ಬಿಡದೆ ಹೀಗೆ ವಿವರಿಸುವ ಅವರ ರೀತಿ ನನಗೆ ಬಹಳ ಹಿಡಿಸಿತು.

ಹೆಸರಿಗೂ ಕೆಲಸಕ್ಕೂ ಇರುವ ನಂಟು ನನ್ನ ಕಣ್ಣಿಗೆ ಬಿದ್ದದ್ದು, ಬಾರಿನ ತುದಿಗೆ ಸೇರಿಸುವ ತೂಕದ ಬಿಲ್ಲೆಗಳಲ್ಲೇ ಸಣ್ಣದಾದ 1.25 ಕಿಲೋ ಪ್ಲೇಟಿನಲ್ಲಿ. ಸ್ಟ್ಯಾಂಡಿನಲ್ಲಿರುವ 20 ಕಿಲೋ ಪ್ಲೇಟುಗಳ ಬಣ್ಣ ಇನ್ನೂ ಹೊಸದರಂತಿದೆ. ಅಂಗೈಯಗಲದ ಆ ಸಣ್ಣ ಪ್ಲೇಟುಗಳ ಅಂಚು ಮಾತ್ರ ಸವೆದು ಕಬ್ಬಿಣ ಹೊಳೆಯುತ್ತದೆ, ಮೇಲಿನ ಅಂಕಿಗಳು ಚಾಕ್ ಪುಡಿಯಲ್ಲಿ ಅರ್ಧ ಮುಚ್ಚಿಹೋಗಿವೆ. ಅಲ್ಲಿ ಎಲ್ಲರ ಕೈಯಲ್ಲೂ ಓಡಾಡುವುದು ಅವೇ. ನಾನು ಮೊದಲು ಹೋಗುತ್ತಿದ್ದ ಇನ್ನೊಂದು ಜಿಮ್ಮಿನಲ್ಲಿ ಪಕ್ಕದವರು ಎತ್ತಿದ್ದನ್ನು ನೋಡಿ ಡೆಡ್‌ಲಿಫ್ಟ್‌ಗೆ (ಬಗ್ಗಿ ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವ ಕಸರತ್ತು) ಒಮ್ಮೆಲೇ 20 ಕಿಲೋ ಏರಿಸಿದ್ದೆ. ಬೇಡವೆನ್ನುವವರು ಯಾರೂ ಇರಲಿಲ್ಲ, ಸೊಂಟ ಹಿಡಿದುಕೊಂಡು ಮೂರು ವಾರ ಬಗ್ಗಲಾಗಲಿಲ್ಲ. ಇಲ್ಲಿ ಮೊದಲ ದಿನ ಕೈಗೆ ಕೊಟ್ಟದ್ದು 20 ಕಿಲೋದ ಖಾಲಿ ಬಾರ್, ಜೊತೆಗೊಂದು ನೋಟ್‌ಪುಸ್ತಕ. ತೂಕ, ರೆಪ್ (ಒಂದು ಸಲ ಎತ್ತಿ ಇಳಿಸುವುದು), ಸೆಟ್ (ಬಿಡುವಿಲ್ಲದೆ ಮಾಡುವ ರೆಪ್‌ಗಳ ಒಂದು ಸುತ್ತು) ಎಲ್ಲವನ್ನೂ ಅದರಲ್ಲಿ ಬರೆದಿಡಬೇಕು. ಹಿಂದಿನ ಪುಟ ನೋಡದೆ ಪ್ಲೇಟ್ ಏರಿಸುವಂತಿಲ್ಲ.

ಆದರೂ ಈ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಕರು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಹೊರುವವನಿಗೆ ಜ್ವರ ಬಂದಿದೆಯೇ, ನಿದ್ದೆಯಾಗಿದೆಯೇ ಎಂದು ಅದು ಕೇಳುವುದಿಲ್ಲ. ವಾರಕ್ಕೆ 2.5 ಕಿಲೋದಂತೆ ಸ್ಕ್ವಾಟ್‌ಗೆ (ಹೆಗಲ ಮೇಲೆ ಬಾರ್ ಹೊತ್ತು ಕುಕ್ಕುರುಗೂತು ಏಳುವ ಕಸರತ್ತು) ಏರಿಸುತ್ತ ಹೋದರೆ 52 ವಾರಗಳಲ್ಲಿ 130 ಕಿಲೋ ಸೇರಬೇಕು, ಮರುವರ್ಷ ಮತ್ತೆ ಅಷ್ಟೇ ಸೇರಬೇಕು. ಯಾರ ಮೈಯೂ ಹೀಗೆ ನೇರ ಗೆರೆಯಲ್ಲಿ ಬೆಳೆಯುವುದಿಲ್ಲ. ಸ್ನಾಯು ಬಲಗೊಳ್ಳುವುದು ಭಾರ ಎತ್ತಿದ ಮೇಲಿನ ವಿಶ್ರಾಂತಿಯಲ್ಲಿ, ಮತ್ತು ಅನುಭವ ಹೆಚ್ಚಿದಂತೆ ಏರಿಕೆಯ ವೇಗ ತಗ್ಗುತ್ತದೆ. ಕರುವಿನ ಕಥೆಯಲ್ಲಿ ವಿಶ್ರಾಂತಿಗೆ ಜಾಗವೇ ಇಲ್ಲ. ಜಿಮ್ಮಿನ ಕ್ರಮದಲ್ಲಿ ಅದು ಇದೆ: ನಾಲ್ಕು ವಾರಕ್ಕೊಮ್ಮೆ ತೂಕ ಇಳಿಸುತ್ತಾರೆ. ಹಾಗೆ ನೋಡಿದರೆ ಹೆಸರು ಹೇಳುವುದಕ್ಕಿಂತ ಅಲ್ಲಿನ ತರಬೇತಿಯೇ ಹೆಚ್ಚು ವಿವೇಕದ್ದು.

ಮಿಲೋನ ಕಥೆಗೆ ಇನ್ನೊಂದು ತುದಿಯೂ ಇದೆ, ಅದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಬೆಣೆ ಹೊಡೆದು ಸೀಳಿಟ್ಟಿದ್ದ ಮರವೊಂದನ್ನು ಕಂಡು, ಅದನ್ನು ಬರಿಗೈಯಲ್ಲೇ ಇಬ್ಭಾಗ ಮಾಡಲು ಹೋದಾಗ ಬೆಣೆ ಜಾರಿ, ಕೈ ಸಿಕ್ಕಿಕೊಂಡು, ಆತ ಕಾಡುಮೃಗಗಳಿಗೆ ಆಹುತಿಯಾದನಂತೆ. ಶಕ್ತಿ ಇದೆಯೆಂದು ಅಳತೆಯಿಲ್ಲದೆ ಕೈಹಾಕಿದವನ ಕಥೆ ಅದು. ಹೊಸಬರಿಗೆ ಕರುವಿನ ಕಥೆ ಹೇಳುವ ದಿನವೇ ಇದನ್ನೂ ಹೇಳಿದರೆ ಹೆಸರು ಪೂರ್ತಿಯಾಗುತ್ತದೆ ಎಂಬುದು ನನ್ನ ಅನಿಸಿಕೆ. ಹೇಳದಿದ್ದರೂ ನಡೆಸಿಕೊಳ್ಳುವುದಂತೂ ಹಾಗೆಯೇ. ಕಳೆದ ತಿಂಗಳು ಐದನೇ ರೆಪ್ಪಿನಲ್ಲಿ ನನ್ನ ಮೊಣಕಾಲು ಒಳಗೆ ವಾಲಿದ್ದನ್ನು ಕಂಡು ಕೋಚ್, "ಇವತ್ತಿಗೆ ಸಾಕು, ಬಾರ್ ಇಟ್ಟುಬಿಡಿ" ಎಂದರು; ಇನ್ನೊಂದು ಸೆಟ್ ಮಾಡುತ್ತೇನೆಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಕನ್ನಡಿ, ಹಾಡು, ಸಾಲುಸಾಲು ಟ್ರೆಡ್‌ಮಿಲ್ ಬೇಕೆನ್ನುವವರಿಗೆ ಈ ಜಾಗ ಬೋಳು ಎನಿಸಬಹುದು. ತಿಂಗಳೆರಡರಲ್ಲಿ ಮೈ ಬದಲಾಗಬೇಕೆನ್ನುವವರಿಗೂ ಇದು ಹಿಡಿಸಲಾರದು. ಆರು ತಿಂಗಳ ಹಿಂದೆ ಬರೆದಿಟ್ಟ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡುವ ತಾಳ್ಮೆಯುಳ್ಳವರು ಮಾತ್ರ ಖಂಡಿತ ಸೇರಬಹುದು. ನನ್ನ ನೋಟ್‌ಪುಸ್ತಕದ ಮೊದಲ ಪುಟದಲ್ಲಿ 20 ಎಂದಿದೆ. ಈ ವಾರದ ಪುಟದಲ್ಲಿ 72.5.